ಧರ್ಮಸಂಸ್ಥೆಗಳೂ ಜನಾರೋಗ್ಯವೂ



ಜನರ ಆರೋಗ್ಯಕ್ಕಾಗಿ ಧರ್ಮಸಂಸ್ಥೆಗಳು ಏನು ಮಾಡತಕ್ಕದ್ದೆಂದು ಯಾರನ್ನು ಕೇಳಿದರೂ ಕೂಡಲೇ ದೊರೆಯುವ ಉತ್ತರವು ಒಂದೇ: ಆಸ್ಪತ್ರೆಯನ್ನು ಕಟ್ಟಿಸಬೇಕು, ಔಷಧವನ್ನು ಧರ್ಮಾರ್ಥವಾಗಿ ಹಂಚಬೇಕು. ಉತ್ತರವು ತಪ್ಪೆಂದು ಹೇಳುವವರಿಲ್ಲ. ಸಿದ್ಧಗಂಗೆಯಲ್ಲಿ ನಿತ್ಯವೂ ಸಾವಿರಾರು ಮಕ್ಕಳಿಗೆ ನಡೆಯುವ ಅನ್ನದಾಸೋಹವೂ, ಸುತ್ತೂರು ಶ್ರೀಕ್ಷೇತ್ರದ ಪೂಜ್ಯರು 1954ರಲ್ಲಿ ನೆಟ್ಟ ವಿದ್ಯಾಪೀಠವು ಬೆಳೆದು 1984ರಲ್ಲಿ ಮೈಸೂರಿನಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆದುದೂ, ಕನ್ನಡನಾಡಿನ ಮಠಗಳು ಈ ದಾರಿಯಲ್ಲಿ ಎಷ್ಟು ದೂರ ನಡೆದಿವೆಯೆಂಬುದಕ್ಕೆ ಸಾಕ್ಷಿಯಾಗಿವೆ. ಆದರೆ ಆಸ್ಪತ್ರೆಯ ಬಾಗಿಲಿಗೆ ರೋಗಿಯು ಬಂದು ನಿಲ್ಲುವುದಕ್ಕೆ ಮುಂಚೆ ನಡೆಯುವ ಒಂದು ಸಂಗತಿಯುಂಟು. ಅದನ್ನು ಕುರಿತು ಧರ್ಮಪೀಠಗಳ ಸಭೆಗಳಲ್ಲಿ ಮಾತು ಬರುವುದು ಅಪರೂಪ. ಬಂದರೂ ಬೇಗನೆ ಮುಗಿದುಹೋಗುತ್ತದೆ. ಅದೇನೆಂದರೆ, ಭಕ್ತನು ಬರುವ ದಾರಿಯಲ್ಲಿಯೇ ಜಾಡ್ಯವೂ ಬರುತ್ತದೆಂಬುದು.

ಸ್ವಲ್ಪ ಯೋಚಿಸಿ ನೋಡಿರಿ. ಸಾವಿರಾರು ಜನರನ್ನು ಒಂದೇ ದಿನ ಒಂದೇ ಸ್ಥಳಕ್ಕೆ ಕರೆತರುವ ಶಕ್ತಿಯು ಧರ್ಮಕ್ಕೆ ಇರುವಷ್ಟು ಮತ್ತಾವುದಕ್ಕೂ ಇಲ್ಲ. ಅವರೆಲ್ಲರನ್ನೂ ಒಂದೇ ಹೊಂಡದಲ್ಲಿ ಮೀಯಿಸುವುದೂ, ಒಂದೇ ಕೊಪ್ಪರಿಗೆಯ ಅನ್ನವನ್ನು ಉಣಿಸುವುದೂ, ಒಂದೇ ಬಟ್ಟಲಿನ ತೀರ್ಥವನ್ನು ನೂರು ಕೈಗಳಿಗೆ ಎರೆಯುವುದೂ ಧರ್ಮವೇ. ಸತ್ತವನನ್ನು ಮುಟ್ಟಬೇಕೇ, ತೊಳೆಯಬೇಕೇ, ಎತ್ತಬೇಕೇ ಎಂಬುದನ್ನು ವಿಧಿಸುವುದೂ ಧರ್ಮವೇ. ಹೀಗಿರುವಾಗ, ಕಣ್ಣಿಗೆ ಕಾಣದ ಕ್ರಿಮಿಯು ತನ್ನ ಪ್ರಯಾಣಕ್ಕೆ ಇದಕ್ಕಿಂತ ಅನುಕೂಲವಾದ ವಾಹನವನ್ನು ಎಲ್ಲಿ ಹುಡುಕೀತು?

ಇದಕ್ಕೆ ಹರಿದ್ವಾರದಲ್ಲಿ 1867ರಲ್ಲಿ ನಡೆದ ಕುಂಭಮೇಳಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ಆ ವರ್ಷದ ಏಪ್ರಿಲ್ 12ನೆಯ ದಿನ ಮುಖ್ಯ ಪರ್ವಸ್ನಾನವು ಒದಗಿತ್ತು. ಕೂಡಿದ ಜನರು ಸುಮಾರು 30 ಲಕ್ಷವೆಂದು ಆಗಿನ ಅಧಿಕಾರಿಗಳು ಅಂದಾಜು ಮಾಡಿದರು. ಅಧಿಕಾರಿಗಳು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಬೀಡುಗಳನ್ನು ಅಳತೆಯ ಪ್ರಕಾರ ಹಾಕಿಸಿದ್ದರು, ಶೌಚಕ್ಕಾಗಿ ಕಾಲುವೆಗಳನ್ನು ತೋಡಿಸಿದ್ದರು, ವೈದ್ಯರನ್ನು ನೇಮಿಸಿದ್ದರು. ಆದರೆ ಸ್ನಾನಘಟ್ಟವು ಎಷ್ಟು ದೊಡ್ಡದಾಗಿತ್ತು? ಜನರು ಪ್ರವಾಹಕ್ಕೆ ಸಿಕ್ಕಿ ಕೊಚ್ಚಿಹೋಗಬಾರದೆಂದು ಗಂಗೆಯ ಪಾತ್ರದಲ್ಲಿ ಕಂಬಿಗಳಿಂದ ಬೇರ್ಪಡಿಸಿದ ಸುಮಾರು 650 ಅಡಿ ಉದ್ದ, 30 ಅಡಿ ಅಗಲದ ಒಂದು ಪಟ್ಟಿ ಮಾತ್ರ. ಬೆಳಗಿನಿಂದ ಸಂಜೆಯವರೆಗೆ ಆ ಲಕ್ಷಾಂತರ ಜನರು ಆ ಪಟ್ಟಿಯಲ್ಲಿಯೇ ಇಳಿದರು, ಮುಳುಗಿದರು, ಎದ್ದರು. ದೂರದ ಊರುಗಳಿಂದ ತಂದ ಅಸ್ಥಿಗಳನ್ನೂ ಬೂದಿಯನ್ನೂ ಅಲ್ಲಿಯೇ ಬಿಟ್ಟರು. ಮೈಗಳೂ ಬಟ್ಟೆಗಳೂ ತೊಳೆದ ನೀರು ದಿನವೆಲ್ಲಾ ಕದಡಿ ದಪ್ಪವಾಗಿತ್ತು. ಸ್ನಾನದ ವಿಧಿಯಂತೆ ಪ್ರತಿಯೊಬ್ಬನೂ ಆ ನೀರನ್ನೇ ಬೊಗಸೆಯಲ್ಲಿ ತೆಗೆದು ಕುಡಿದನು. ಹಿಂದಿನ ರಾತ್ರಿ ಬಿದ್ದ ಬಿರುಮಳೆಯು ಬೀಡುಗಳ ಹೊಲಸನ್ನು ಹೊಳೆಗೆ ಇಳಿಸಿತ್ತೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಸ್ನಾನದ ಮರುದಿನದಿಂದಲೇ ವಾಂತಿಭೇದಿಯು ಕಾಣಿಸಿಕೊಂಡಿತು. ಅಷ್ಟರಲ್ಲಿ ಜಾತ್ರೆಯು ಒಡೆದಿತ್ತು. ಜನರು ಊರುಗಳಿಗೆ ಹೊರಟಿದ್ದರು. ಜಾಡ್ಯವು ಅವರೊಡನೆ ಹೊರಟಿತು. ಯಾತ್ರಿಕರು ಯಾವ ಯಾವ ದಾರಿಗಳಲ್ಲಿ ನಡೆದರೋ ಆಯಾ ದಾರಿಯ ಊರುಗಳಲ್ಲಿ, ಅವರು ತಲಪಿದ ದಿನದ ಲೆಕ್ಕಕ್ಕೆ ಸರಿಯಾಗಿ, ಸಾವುಗಳು ತೊಡಗಿದುವು. ಪಂಜಾಬನ್ನು ದಾಟಿ ಪೇಷಾವರದವರೆಗೂ ಅದು ಮುಟ್ಟಿತು. ಒಟ್ಟು ಲಕ್ಷಕ್ಕೂ ಮೇಲ್ಪಟ್ಟು ಜನರು ಮಡಿದರೆಂದು ಆ ಕಾಲದ ಅಂದಾಜು. ಪಾಪವನ್ನು ತೊಳೆದುಕೊಳ್ಳಲು ಹೋದ ತಂದೆಯು ಮನೆಗೆ ತಂದ ಗಿಂಡಿಯ ನೀರನ್ನು ಮಕ್ಕಳು ಕಣ್ಣಿಗೊತ್ತಿಕೊಂಡು ಕುಡಿದ ಮನೆಗಳು ಆ ಲಕ್ಷದಲ್ಲಿ ಎಷ್ಟಿದ್ದುವೋ!

ಇದು ಒಂದು ಮತದ ದೋಷವೆಂದು ಯಾರೂ ಭಾವಿಸಬಾರದು. ಎರಡು ವರ್ಷ ಹಿಂದೆ, 1865ರಲ್ಲಿ, ಮಕ್ಕೆಯ ಯಾತ್ರೆಯಲ್ಲಿ ಇದೇ ಜಾಡ್ಯವು ಸಾವಿರಾರು ಜನರನ್ನು ಕೊಂದು, ಮರಳುವ ಹಡಗುಗಳನ್ನೇರಿ ಯೂರೋಪನ್ನು ಹೊಕ್ಕಿತ್ತು. ಕ್ರಿಮಿಗೆ ಮತವಿಲ್ಲ, ಅದಕ್ಕೆ ಬೇಕಾದುದು ಜನಸಂದಣಿಯೂ ಕೆಟ್ಟ ನೀರೂ ಮಾತ್ರ.

ಗಂಗೆಯ ನೀರಿಗೆ ಕೆಡದಿರುವ ಗುಣವುಂಟೆಂದು ಕೆಲವರು ವಾದಿಸುವುದುಂಟು. ವಾದದಲ್ಲಿ ಹುರುಳಿಲ್ಲದಿಲ್ಲ. ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ಶಾಸ್ತ್ರಜ್ಞನು 1896ರಲ್ಲಿ ಗಂಗಾ ಯಮುನೆಗಳ ನೀರಿನಲ್ಲಿ ವಾಂತಿಭೇದಿಯ ಕ್ರಿಮಿಯನ್ನು ಕೊಲ್ಲುವ ಯಾವುದೋ ಒಂದು ಪದಾರ್ಥವಿದೆಯೆಂದು ಕಂಡು ಬರೆದನು. ಕ್ರಿಮಿಗಳನ್ನೇ ತಿನ್ನುವ ಸೂಕ್ಷ್ಮಾಣುಗಳಿವೆಯೆಂದು ಮುಂದೆ ತಿಳಿದುಬಂದಿತು. ಆದರೆ ಅದೇ ಹ್ಯಾಂಕಿನ್ನನು ಬಾವಿಗಳಿಗೆ ಪರ್ಮಾಂಗನೇಟಿನ ಕೆಂಪು ಹರಳುಗಳನ್ನು ಹಾಕಿಸಿ ನೀರನ್ನು ಶುದ್ಧಿಮಾಡಿಸುತ್ತ ಊರೂರು ತಿರುಗಿದನೆಂಬುದನ್ನೂ ಮರೆಯಬಾರದು. ನದಿಯ ಗುಣವನ್ನು ಕಂಡುಹಿಡಿದವನೇ ನದಿಯೊಂದನ್ನೇ ನಂಬಿ ಕೂಡಲಿಲ್ಲ.

ಇಂಥ ಅನುಭವದಿಂದ ಸರಕಾರವು ಕಲಿತ ಪಾಠವಾವುದು? ಬಲಪ್ರಯೋಗ. 1892ರಲ್ಲಿ ಹರಿದ್ವಾರದ ಮಹಾವಾರುಣಿ ಪರ್ವಕ್ಕೆ ಬಂದಿದ್ದ ಯಾತ್ರಿಕರನ್ನು ಸ್ನಾನಕ್ಕೆ ಮುಂಚೆಯೇ ಚದರಿಸಿ ಹಿಂದಕ್ಕೆ ಅಟ್ಟಿದರು. ಆ ವರ್ಷವೂ ಜಾಡ್ಯವು ಹಬ್ಬದೆ ಇರಲಿಲ್ಲ. ಜನರ ಮನಸ್ಸಿನಲ್ಲಿ ಮಾತ್ರ ಕಹಿಯು ಉಳಿಯಿತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ ಪುಣೆಯಲ್ಲಿ ನಡೆದುದು ಇದಕ್ಕಿಂತಲೂ ಘೋರ. ಸೈನಿಕರು ಮನೆಗಳನ್ನು ಹೊಕ್ಕರು, ದೇವರ ಕೋಣೆಯನ್ನೂ ಅಡಿಗೆಮನೆಯನ್ನೂ ಶೋಧಿಸಿದರು, ಹೆಂಗಸರನ್ನು ಹೊರಗೆಳೆದು ಪರೀಕ್ಷಿಸಿದರು. ಪ್ಲೇಗಿನ ಅಧಿಕಾರಿಯಾಗಿದ್ದ ರ‍್ಯಾಂಡನು 1897ರ ಜೂನ್ 22ರ ರಾತ್ರಿ ಗುಂಡಿಗೆ ಗುರಿಯಾದನು. ರೋಗವನ್ನು ಅಡಗಿಸಬೇಕೆಂದು ಬಂದ ಕೈಯನ್ನು ಕಂಡು ಜನರು ರೋಗಿಯನ್ನೇ ಅಡಗಿಸತೊಡಗಿದರು. ಅಡಗಿಸಿದ ಮನೆಯಲ್ಲಿ ಒಬ್ಬನಿಗೆ ಬದಲಾಗಿ ಐವರು ಸತ್ತರು.

ಈ ಭಯದ ನಡುವೆಯೇ ಒಂದು ಧರ್ಮಸಂಸ್ಥೆಯು ಬೇರೊಂದು ದಾರಿಯನ್ನು ತೋರಿಸಿತು. ರಾಮಕೃಷ್ಣ ಮಿಷನ್ ಸ್ಥಾಪಿತವಾದುದು 1897ರ ಮೇ 1ರಂದು. ವರ್ಷವೊಂದು ತುಂಬುವಷ್ಟರಲ್ಲಿ ಕಲಕತ್ತೆಗೆ ಪ್ಲೇಗು ಕಾಲಿಟ್ಟಿತು. ಪುಣೆಯ ಸುದ್ದಿಯನ್ನು ಕೇಳಿದ್ದ ಜನರು ಊರನ್ನು ಬಿಟ್ಟು ಓಡುತ್ತಿದ್ದರು. ಲಸಿಕೆಯ ಹೆಸರನ್ನೆತ್ತಿದರೆ ಗಲಭೆಯಾಗುತ್ತಿತ್ತು. ಸ್ವಾಮಿ ವಿವೇಕಾನಂದರು ಹೆದರಬೇಡಿರೆಂದೂ, ಮನೆಯನ್ನೂ ಬಟ್ಟೆಯನ್ನೂ ಶುಚಿಯಾಗಿಡಿರೆಂದೂ, ಹಳಸಿದ ಅನ್ನವನ್ನು ಉಣ್ಣಬೇಡಿರೆಂದೂ ಜನರ ಭಾಷೆಯಲ್ಲಿ ಒಂದು ಪ್ರಕಟನೆಯನ್ನು ಅಚ್ಚುಹಾಕಿಸಿ ಹಂಚಿಸಿದರು. ಹಣವೆಲ್ಲಿಂದ ಬರುವುದೆಂದು ಕೇಳಿದವರಿಗೆ, ಬೇಲೂರಿನಲ್ಲಿ ಮಠಕ್ಕೆಂದು ಆಗತಾನೆ ಕೊಂಡ ಭೂಮಿಯನ್ನು ಬೇಕಾದರೆ ಮಾರಿಬಿಡೋಣವೆಂದರು. ಮಾರುವ ಪ್ರಸಂಗವು ಬರಲಿಲ್ಲವೆಂಬುದು ಬೇರೆ ಮಾತು. ಮಠದ ಭೂಮಿಯು ಹೆಚ್ಚೋ ಊರಿನ ಜನರು ಹೆಚ್ಚೋ ಎಂಬ ಪ್ರಶ್ನೆಗೆ ಅವರು ತಡವರಿಸದೆ ಉತ್ತರ ಕೊಟ್ಟರೆಂಬುದನ್ನು ಮಠಗಳನ್ನು ನಡೆಯಿಸುವವರು ಗಮನಿಸತಕ್ಕದ್ದು.

ಮರುವರ್ಷ, 1899ರಲ್ಲಿ, ಪ್ಲೇಗು ಬಲಿತಾಗ ಸೋದರಿ ನಿವೇದಿತೆಯು ಕಾರ್ಯದರ್ಶಿಯಾಗಿಯೂ ಸ್ವಾಮಿ ಸದಾನಂದರು ಮುಖ್ಯಸ್ಥರಾಗಿಯೂ ಸೇವಾದಳವೊಂದು ಏರ್ಪಟ್ಟಿತು. ಬಾಗ್‌ಬಜಾರಿನ ಸುತ್ತಣ ಗುಡಿಸಲುಗೇರಿಗಳಿಗೆ ಈ ದಳವು ಗುದ್ದಲಿ ಪೊರಕೆಗಳನ್ನು ಹಿಡಿದು ಹೊಕ್ಕಿತು. ಗಾಡಿಗಟ್ಟಲೆ ಕಸವನ್ನು ಎತ್ತಿಸಿತು. ಚರಂಡಿಗಳನ್ನು ತೊಳೆದು ಕ್ರಿಮಿನಾಶಕ ದ್ರವವನ್ನು ಚೆಲ್ಲಿತು. ಆಳುಗಳು ಸಾಲದ ದಿನ ನಿವೇದಿತೆಯೇ ಪೊರಕೆಯನ್ನು ಹಿಡಿದು ಬೀದಿಗಿಳಿದಳು. ನಾಚಿದ ಕೇರಿಯ ಹುಡುಗರು ಓಡಿಬಂದು ಅದನ್ನು ಕೈಯಿಂದ ತೆಗೆದುಕೊಂಡರು. ತಾಯಿಯಿಲ್ಲದ ಒಂದು ಮಗುವು ಪ್ಲೇಗಿನಿಂದ ಸಾಯುತ್ತಿದ್ದ ಗುಡಿಸಲಿನಲ್ಲಿ ಆಕೆಯು ಮಗುವನ್ನು ಮಡಿಲಲ್ಲಿರಿಸಿಕೊಂಡು ಕುಳಿತುದನ್ನು ವೈದ್ಯ ರಾಧಾಗೋವಿಂದ ಕರರು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಸರಕಾರದ ಸೈನಿಕನು ಬಾಗಿಲನ್ನು ಒದೆದರೂ ತೆರೆಯದ ಮನೆಯು ಈಕೆಗೆ ತೆರೆಯಿತು. ಏಕೆಂದರೆ ಆಕೆಯು ಹೊಲಸನ್ನು ತಾನೇ ಎತ್ತುವುದನ್ನು ಕೇರಿಯು ನೋಡಿತ್ತು.

ಕನ್ನಡನಾಡಿಗೂ ಆ ಜಾಡ್ಯದ ನೆನಪು ಆಳವಾಗಿಯೇ ಉಂಟು. ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನರು ಹಾಫ್‌ಕಿನ್ನನ ಲಸಿಕೆಯನ್ನು ಚುಚ್ಚಿಸಿಕೊಂಡರು. ಅದೇ ವರ್ಷ ಬೆಂಗಳೂರನ್ನು ಪ್ಲೇಗು ಹೊಕ್ಕು ಹಳೆಯ ಪೇಟೆಯನ್ನು ಬರಿದುಮಾಡಿತು. ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಲ್ಲಿ ಪ್ಲೇಗಿನಮ್ಮನ ಗುಡಿಗಳೂ ಎದ್ದುವು. ಅಮ್ಮನಿಗೆ ಹರಕೆ ಹೊತ್ತವರೇ ಚುಚ್ಚುಮದ್ದಿಗೂ ತೋಳನ್ನು ಚಾಚಿದರೆಂಬುದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಸಾವು ಬಾಗಿಲಲ್ಲಿರುವಾಗ ಮನುಷ್ಯನು ಎರಡು ಕೈಗಳನ್ನೂ ಎರಡು ಕಡೆಗೆ ಚಾಚುತ್ತಾನೆ. ಭಕ್ತಿಯನ್ನು ಬಿಟ್ಟಲ್ಲದೆ ಶಾಸ್ತ್ರವನ್ನು ಹಿಡಿಯಲಾರನೆಂದು ಅವನನ್ನು ಹಂಗಿಸುವವರು ಅವನ ಮನಸ್ಸನ್ನು ಅರಿತವರಲ್ಲ.

ಊರನ್ನು ಗುಡಿಸುವುದು ಕಷ್ಟವಾದರೂ ಸಾಧ್ಯವಾದ ಕೆಲಸ. ಆಚಾರವನ್ನು ಬದಲಿಸುವುದು ಅದಕ್ಕಿಂತಲೂ ಕಷ್ಟ. ಅದರಲ್ಲಿಯೂ ಸತ್ತವರಿಗೆ ಸಲ್ಲಿಸುವ ಸಂಸ್ಕಾರದ ಮಾತೆತ್ತಿದರೆ ಎಂಥ ವಿವೇಕಿಯೂ ಕಿವಿಮುಚ್ಚಿಕೊಳ್ಳುತ್ತಾನೆ. ಈ ವಿಷಯದಲ್ಲಿ ಪಶ್ಚಿಮ ಆಫ್ರಿಕದ ಮೂರು ದೇಶಗಳು ಪಟ್ಟ ಪಾಡನ್ನು ತಿಳಿದುಕೊಳ್ಳುವುದು ಶರಣ ಬಂಧುಗಳಿಗೆ ವಿಶೇಷವಾಗಿ ಉಚಿತವಾಗಿದೆ. ಏಕೆಂದರೆ ಲಿಂಗಾಯತರಂತೆಯೇ ಅಲ್ಲಿಯ ಜನರೂ ಸತ್ತವರನ್ನು ಮಣ್ಣಿಗೊಪ್ಪಿಸುವವರು. ಒಪ್ಪಿಸುವ ಮುನ್ನ ಮೀಯಿಸುವವರು, ಮುಟ್ಟಿ ಬೀಳ್ಕೊಡುವವರು.

ಗಿನಿ, ಲೈಬೀರಿಯ, ಸಿಯೆರಾ ಲಿಯೋನ್ ಎಂಬ ಆ ದೇಶಗಳಲ್ಲಿ 2014ರಲ್ಲಿ ಎಬೋಲಾ ಎಂಬ ಜ್ವರವು ಹಬ್ಬಿತು. ಅಡಗುವಷ್ಟರಲ್ಲಿ 28,600ಕ್ಕೂ ಹೆಚ್ಚು ಜನರಿಗೆ ತಗಲಿ 11,300ಕ್ಕೂ ಹೆಚ್ಚು ಜನರನ್ನು ಕೊಂದಿತು. ಈ ಜ್ವರದ ಕ್ರೂರತೆಯೊಂದುಂಟು: ಅದು ಗಾಳಿಯಲ್ಲಿ ತೇಲಿ ಬರುವುದಿಲ್ಲ, ಪ್ರೀತಿಯ ಸ್ಪರ್ಶದಲ್ಲಿ ಬರುತ್ತದೆ. ರೋಗಿಯು ಸತ್ತ ಹೊತ್ತಿಗೆ ಅವನ ಮೈಯಲ್ಲಿ ವಿಷಾಣುಗಳು ತುಂಬಿತುಳುಕುತ್ತಿರುತ್ತವೆ. ಆ ಮೈಯನ್ನೇ ಮಕ್ಕಳೂ ಒಡಹುಟ್ಟಿದವರೂ ತೊಳೆಯುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು. ಹೊಸದಾಗಿ ತಗಲಿದವರಲ್ಲಿ ಐದರಲ್ಲೊಂದು ಪಾಲಾದರೂ ಶವಸಂಸ್ಕಾರದ ಕಾಲದಲ್ಲಿಯೇ ತಗಲಿಸಿಕೊಂಡವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿತು.

ಆರಂಭದಲ್ಲಿ ಅಧಿಕಾರಿಗಳು ಪುಣೆಯವರು ಮಾಡಿದ ತಪ್ಪನ್ನೇ ಮಾಡಿದರು. ಮುಖವೇ ಕಾಣದಂತೆ ಮೈಯೆಲ್ಲ ಮುಚ್ಚಿಕೊಂಡ ಜನರು ಬಂದು, ಶವವನ್ನು ಚೀಲದಲ್ಲಿ ಕಟ್ಟಿ, ಪ್ರಾರ್ಥನೆಯಿಲ್ಲದೆ ಗುರುತಿಲ್ಲದ ಗುಂಡಿಯಲ್ಲಿ ಹೂಳಿದರು. ಲೈಬೀರಿಯದ ರಾಜಧಾನಿಯಲ್ಲಿ ಕೆಲವು ಕಾಲ ಸುಡುವುದನ್ನೇ ಕಡ್ಡಾಯ ಮಾಡಿದರು. ಸುಡುವ ಪದ್ಧತಿಯಿಲ್ಲದ ಜನರಿಗೆ ಅದು ಎಷ್ಟು ಅಸಹ್ಯವಾಯಿತೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಫಲವೂ ಪುಣೆಯದೇ ಆಯಿತು. ಜನರು ಹೆಣಗಳನ್ನು ಬಚ್ಚಿಟ್ಟರು. ಕತ್ತಲೆಯಲ್ಲಿ ತಾವೇ ತೊಳೆದು ಹೂಳಿದರು.

ಆಗ ಕಣ್ಣು ತೆರೆಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇಮಾಮರನ್ನೂ ಪಾದ್ರಿಗಳನ್ನೂ ಕೂಡಿಸಿಕೊಂಡು ಹೂಳುವ ಕ್ರಮವನ್ನು ಹೊಸದಾಗಿ ಬರೆದರು. ಅದರಲ್ಲಿ ಶವವೆಂಬ ಮಾತಿನ ಜೊತೆಗೆ ಗೌರವವೆಂಬ ಮಾತೂ ಸೇರಿತು. ಮನೆಯವರಿಗೆ ಮೊದಲು ಎಲ್ಲವನ್ನೂ ವಿವರಿಸಿ ಹೇಳುವುದು; ಹೂಳುವಾಗ ಅವರು ದೂರದಲ್ಲಿ ನಿಂತು ನೋಡುವಂತೆ ಬಿಡುವುದು; ಅವರವರ ಗುರುವು ಪ್ರಾರ್ಥನೆ ಸಲ್ಲಿಸುವುದು; ಗೋರಿಗೆ ಹೆಸರಿನ ಗುರುತಿಡುವುದು. ಮುಸಲ್ಮಾನರ ವಿಧಿಯಲ್ಲಿ ಶವಕ್ಕೆ ನೀರಿನ ಸ್ನಾನವು ಅವಶ್ಯ. ಆದರೆ ನೀರು ಸಿಗದ ಮರುಭೂಮಿಯಲ್ಲಿ ಶುದ್ಧವಾದ ಮಣ್ಣಿನಿಂದ ಶುದ್ಧಿ ಮಾಡಿಕೊಳ್ಳುವ ವಿಧಿಯೂ ಅವರ ಶಾಸ್ತ್ರದಲ್ಲಿಯೇ ಇದೆ. ಅಪಾಯದ ಕಾಲದಲ್ಲಿ ಶವಕ್ಕೂ ಅದೇ ಸಾಕು, ಅದೂ ಸಾಧ್ಯವಿಲ್ಲದೆ ಹೋದರೆ ಅದನ್ನೂ ಬಿಡಬಹುದು, ಸತ್ತವನ ಸದ್ಗತಿಗೆ ಕೊರತೆಯಿಲ್ಲವೆಂದು ವಿದ್ವಾಂಸರಾದ ಇಮಾಮರು ತೀರ್ಪಿತ್ತರು. ಈ ತೀರ್ಪನ್ನು ವೈದ್ಯನು ಕೊಡಬಹುದಾಗಿತ್ತೇ? ವೈದ್ಯನು ಹೇಳಿದ್ದರೆ ಅದು ಧರ್ಮಕ್ಕೆ ಒಡ್ಡಿದ ಅಡ್ಡಿಯಾಗುತ್ತಿತ್ತು. ಗುರುವು ಹೇಳಿದುದರಿಂದ ಅದು ಧರ್ಮವೇ ಆಯಿತು. ಮಗನು ತಾಯಿಯನ್ನು ತೊಳೆಯದೆ ಬೀಳ್ಕೊಟ್ಟು, ತಾನು ತಪ್ಪು ಮಾಡಿದೆನೆಂಬ ನೋವಿಲ್ಲದೆ ಮನೆಗೆ ಮರಳಲು ಅದೊಂದು ಮಾತು ದಾರಿಮಾಡಿತು.

ಇಂಥದೇ ಒಂದು ಸಂಗತಿಯು ಈ ದೇಶದಲ್ಲಿಯೂ ನಡೆಯಿತು. ಪೋಲಿಯೋ ಹನಿಯ ವಿಷಯದಲ್ಲಿ ಉತ್ತರಪ್ರದೇಶದ ಹಲವು ಮನೆಗಳು ಬಾಗಿಲು ಹಾಕಿಕೊಂಡಾಗ, ಮಸೀದಿಯ ಧ್ವನಿವರ್ಧಕದಿಂದ ಬಂದ ಮೌಲ್ವಿಗಳ ಮಾತು ಆ ಬಾಗಿಲುಗಳನ್ನು ತೆರೆಯಿಸಿತು. ಭಾರತದ ಕೊನೆಯ ಪೋಲಿಯೋ ಪ್ರಕರಣವು 2011ರ ಜನವರಿಯದು. 2014ರ ಮಾರ್ಚಿಯಲ್ಲಿ ದೇಶವು ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು.

ದೂರದ ದೇಶಗಳ ಮಾತು ಇಷ್ಟು ಸಾಕು. ಮಠದ ಹೊಂಡದ ಮೆಟ್ಟಿಲಿಗೆ ಬರೋಣವಾಗಲಿ. ಬಯಲುಸೀಮೆಯ ಹಿರಿಯರಿಗೆ ನಾರುಹುಣ್ಣೆಂದರೆ ಏನೆಂದು ಗೊತ್ತು; ಕಿರಿಯರಿಗೆ ಗೊತ್ತಿಲ್ಲದಿರುವುದು ಭಾಗ್ಯವೇ ಸರಿ. ಉದ್ದವಾದ, ನೂಲಿನಂಥ ಒಂದು ಹುಳುವು ಕಾಲಿನ ತೊಗಲನ್ನು ಒಡೆದುಕೊಂಡು ಹೊರಬರುತ್ತಿತ್ತು. ಅದನ್ನು ಎಳೆದರೆ ತುಂಡಾಗಿ ಕಾಲು ಕೀವುಗಟ್ಟುತ್ತಿತ್ತು; ಆದುದರಿಂದ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಹೊರತೆಗೆಯುತ್ತ ರೋಗಿಯು ವಾರಗಟ್ಟಲೆ, ಸುಗ್ಗಿಯ ಕಾಲದಲ್ಲಿಯೇ, ಕಟ್ಟೆಯ ಮೇಲೆ ಬಿದ್ದಿರಬೇಕಾಗುತ್ತಿತ್ತು. ಅದು ಬಂದುದೆಲ್ಲಿಂದ? ಮೆಟ್ಟಿಲುಬಾವಿಯಿಂದ, ಗುಡಿಯ ಪುಷ್ಕರಿಣಿಯಿಂದ. ಹುಣ್ಣಾದ ಕಾಲಿನ ಉರಿಯನ್ನು ತಣಿಸಿಕೊಳ್ಳಲು ರೋಗಿಯು ನೀರಿಗಿಳಿದೊಡನೆ ಹುಳುವು ತನ್ನ ಮರಿಗಳನ್ನು ಸಾವಿರಗಟ್ಟಲೆ ನೀರಿಗೆ ಬಿಡುತ್ತಿತ್ತು. ನೀರಿನಲ್ಲಿರುವ ಸಣ್ಣ ಹುಳುಗಳು ಅವನ್ನು ನುಂಗುತ್ತಿದ್ದುವು. ಆ ನೀರನ್ನು ಕುಡಿದವನ ಮೈಯಲ್ಲಿ ವರ್ಷವೊಂದು ಕಳೆಯುವಾಗ ಮತ್ತೊಂದು ನಾರು ಸಿದ್ಧವಾಗುತ್ತಿತ್ತು.

ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಆದರೂ 1980ರ ದಶಕದಲ್ಲಿ ತೊಡಗಿದ ಪ್ರಯತ್ನದಿಂದ 1996ರ ಜುಲೈ ತಿಂಗಳಲ್ಲಿ ದೇಶದ ಕೊನೆಯ ರೋಗಿಯು ಕಂಡುಬಂದು, 2000ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣಪತ್ರವನ್ನು ಪಡೆಯಿತು. ಹುಣ್ಣಿರುವವನು ನೀರಿಗಿಳಿಯದಂತೆ ತಡೆದುದು, ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿಯನ್ನಾಗಿ ಮಾಡಿದುದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದುದು: ಮುಖ್ಯವಾಗಿ ಈ ಮೂರರಿಂದಲೇ ಅಷ್ಟೂ ಆಯಿತು. ಸೋಸದ ನೀರನ್ನು ಮುಟ್ಟೆವೆಂಬ ನೇಮವು ಶರಣರ ಮನೆಗಳಲ್ಲಿ ಹಳೆಯದು. ಅದನ್ನು ಜೀವದಯೆಗಾಗಿ, ಪೂಜೆಯ ಶುಚಿಗಾಗಿ ಪಾಲಿಸಿದವರಿಗೆ ಅದು ಕಾಲನ್ನೂ ಕಾಪಾಡಿತು. ನೇಮವನ್ನು ಪೂಜೆಯ ಬಿಂದಿಗೆಗೆ ಮಾತ್ರ ಉಳಿಸಿಕೊಂಡು ಕುಡಿಯುವ ಕೊಡಕ್ಕೆ ಕೈಬಿಟ್ಟ ಮನೆಗಳೂ ಇದ್ದುವೆಂಬುದನ್ನು ನಾರು ಬಿದ್ದ ಕಾಲುಗಳೇ ಹೇಳುತ್ತಿದ್ದುವು.

ಇಷ್ಟರ ಮೇಲೆ ಒಂದು ಕಟುವಾದ ಮಾತನ್ನು ಆಡದೆ ವಿಧಿಯಿಲ್ಲ. ಗುರುವಿನ ಮಾತಿಗೆ ಅಷ್ಟು ಬಲವುಂಟೆಂದಾದರೆ, ಆ ಮಾತು ತಪ್ಪಿದಾಗ ಆಗುವ ಹಾನಿಯೂ ಅಷ್ಟೇ ದೊಡ್ಡದು. ಭಸ್ಮವೊಂದರಿಂದಲೇ ಜ್ವರವನ್ನು ಇಳಿಸುವೆನೆಂದು ಹೇಳಿ ಮೂರು ದಿನ ರೋಗಿಯನ್ನು ಆಸ್ಪತ್ರೆಗೆ ಹೋಗಗೊಡದ ಬಾಯಿಯೂ, ಲಸಿಕೆಯನ್ನು ಕಂಡು ಮುಖ ತಿರುಗಿಸಿದ ಬಾಯಿಯೂ, ಪೀಠದ ಮೇಲಿಂದಲೇ ಮಾತಾಡುವುದುಂಟು. ಭಸ್ಮವು ಹಣೆಯ ಮೇಲಿರಲಿ, ರೋಗಿಯು ವೈದ್ಯನ ಬಳಿಯಲ್ಲಿರಲಿ. ಇವೆರಡಕ್ಕೂ ಜಗಳವಿದೆಯೆಂದು ಹೇಳುವವನು ಭಸ್ಮದ ಮಹಿಮೆಯನ್ನೂ ಹೆಚ್ಚಿಸಲಾರನು. ಪಾದೋದಕವನ್ನು ಕರುಣಿಸುವ ಜಂಗಮನು, ಆ ನೀರು ಯಾವ ಬಾವಿಯದು, ಕುದಿಸಿ ಆರಿಸಿದುದೇ ಎಂದು ಮೊದಲು ವಿಚಾರಿಸಿದರೆ ಅವನ ಜಂಗಮತ್ವಕ್ಕೆ ಕುಂದೇನೂ ಬರುವುದಿಲ್ಲ. ರಥವು ಎಳೆಯದೆ ನಿಂತರೆ ಊರಿಗೆ ಕೇಡೆಂಬ ಭೀತಿಯು ಬಹಳ ಹಳೆಯದು. ಆದರೂ 2020ರಲ್ಲಿ ಕೋವಿಡ್ ಬಂದಾಗ ಅನೇಕ ಮಠಗಳು ಜಾತ್ರೆಗಳನ್ನು ನಿಲ್ಲಿಸಿ, ಭಕ್ತರು ಮನೆಯಲ್ಲಿಯೇ ಇರಬೇಕೆಂದು ತಾವಾಗಿಯೇ ಅಪ್ಪಣೆ ಕೊಡಿಸಿದುವು. ಮರುವರ್ಷ ಹಾಸಿಗೆಗಳು ಸಾಲದೆ ಹೋದಾಗ ಕೊಪ್ಪಳದ ಗವಿಮಠವು ತನ್ನ ಕಟ್ಟಡವನ್ನು ಆ ರೋಗಿಗಳ ಶುಶ್ರೂಷೆಗೆ ಬಿಟ್ಟುಕೊಟ್ಟಿತು. ತೇರು ನಿಂತ ವರ್ಷ ಊರು ಕೆಡಲಿಲ್ಲ.

ಇನ್ನು ಅಡಿಗೆಮನೆಯ ವಿಚಾರ. ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡಿಗೆಯವಳಿದ್ದಳು. ಅವಳು ಗಟ್ಟಿಮುಟ್ಟಾದ ಹೆಂಗಸು, ಕೈಯಡಿಗೆಗೆ ಹೆಸರಾದವಳು. ಆದರೆ ಅವಳು ಕೆಲಸಕ್ಕೆ ಸೇರಿದ ಹೆಚ್ಚಿನ ಮನೆಗಳಲ್ಲಿ ವಿಷಮಶೀತಜ್ವರವು ಕಾಣಿಸಿಕೊಳ್ಳುತ್ತಿತ್ತು. ತನಗೆ ರೋಗದ ಲಕ್ಷಣವೊಂದೂ ಇಲ್ಲದೆಯೇ ಕ್ರಿಮಿಯನ್ನು ಹೊತ್ತು ತಿರುಗುವವಳೆಂದು 1907ರಲ್ಲಿ ಗೊತ್ತಾಯಿತು. ಅವಳನ್ನು ಪ್ರತ್ಯೇಕವಾಗಿರಿಸಿ, ಮತ್ತೆ ಅಡಿಗೆ ಮಾಡಬಾರದೆಂಬ ಕರಾರಿನ ಮೇಲೆ ಬಿಟ್ಟರು. ಅವಳು ಹೆಸರು ಬದಲಿಸಿಕೊಂಡು ಹೆರಿಗೆಯ ಆಸ್ಪತ್ರೆಯೊಂದರ ಅಡಿಗೆಮನೆಯನ್ನು ಸೇರಿ, 1915ರಲ್ಲಿ ಅಲ್ಲಿಯೂ ಇಪ್ಪತ್ತೈದು ಮಂದಿಗೆ ಜ್ವರವನ್ನು ಅಂಟಿಸಿದಳು. ಕೊನೆಗೆ 1938ರಲ್ಲಿ ಸಾಯುವವರೆಗೂ ಅವಳನ್ನು ದ್ವೀಪವೊಂದರಲ್ಲಿ ಇರಿಸಬೇಕಾಯಿತು. ಅವಳದು ದುಷ್ಟಬುದ್ಧಿಯಲ್ಲ, ಕಣ್ಣಿಗೆ ಕಾಣದುದನ್ನು ಅವಳು ಕೊನೆಯವರೆಗೂ ನಂಬಲಿಲ್ಲ. ಜಾತ್ರೆಯ ದಾಸೋಹದಲ್ಲಿ ಅಕ್ಕಿ ತೊಳೆಯಲು, ರೊಟ್ಟಿ ತಟ್ಟಲು, ಬಡಿಸಲು ಓಡಿಬರುವ ನೂರಾರು ಕೈಗಳೂ ಭಕ್ತಿಯ ಕೈಗಳೇ. ಆ ಕೈಗಳಿಗೆ ಸೋಪನ್ನೂ ನೀರನ್ನೂ ಬಾಗಿಲಲ್ಲಿಯೇ ಒದಗಿಸಿರುವುದು, ಹೊಟ್ಟೆ ಕೆಟ್ಟವರನ್ನೂ ಜ್ವರದಿಂದ ಎದ್ದವರನ್ನೂ ನಯವಾಗಿ ಬೇರೆ ಸೇವೆಗೆ ಕಳುಹಿಸುವುದು, ಅಡಿಗೆಮನೆಯ ಯಜಮಾನನ ಕೆಲಸ. ಯಜಮಾನನು ಹೇಳಲು ಸಂಕೋಚಪಟ್ಟರೆ ಪೂಜ್ಯರೇ ಹೇಳಬೇಕು. ಸೇವೆಯನ್ನು ತಪ್ಪಿಸಿದರೆಂದು ಮುನಿಯುವ ಭಕ್ತನೂ ಪೂಜ್ಯರ ಬಾಯಿಂದ ಬಂದರೆ ಕೇಳುತ್ತಾನೆ.

ಜಾತ್ರೆಗೆ ಎರಡು ತಿಂಗಳು ಮುಂಚೆ ಕೂಡುವ ಪಂಚರ ಸಭೆಯಲ್ಲಿ ತೇರಿನ ಮಿಣಿಯ ಮಾತು ಬರುತ್ತದೆ, ಬಾಣಬಿರುಸಿನ ಮಾತು ಬರುತ್ತದೆ, ಯಾರಿಗೆ ಯಾವ ಮರ್ಯಾದೆಯೆಂಬ ಮಾತಂತೂ ಬೆಳಗಾಗುವವರೆಗೂ ಮುಗಿಯದು. ಆ ಸಭೆಗೆ ತಾಲ್ಲೂಕಿನ ಆರೋಗ್ಯಾಧಿಕಾರಿಯನ್ನೂ ಕರೆದು ಒಂದು ತಾಸು ಮಾತಾಡಗೊಡುವುದು ಕಷ್ಟವಲ್ಲ. ಬಾವಿಗಳಿಗೂ ತೊಟ್ಟಿಗಳಿಗೂ ಬ್ಲೀಚಿಂಗ್ ಪುಡಿಯನ್ನು ಯಾವ ದಿನ, ಎಷ್ಟು ಹಾಕುವುದು. ಬಯಲಿಗೆ ಹೋಗುವ ಜನರಿಗೆ, ಮುಖ್ಯವಾಗಿ ಹೆಂಗಸರಿಗೆ, ಶೌಚದ ಸ್ಥಳವೆಲ್ಲಿ. ಅದು ಬಾವಿಯಿಂದ ಎಷ್ಟು ದೂರ. ಮಳೆ ಬಂದರೆ ನೀರು ಯಾವ ಕಡೆಗೆ ಹರಿಯುವುದು ಎಂಬಿವನ್ನು ಅಲ್ಲಿಯೇ ಗೊತ್ತುಮಾಡಬಹುದು. ಹರಿದ್ವಾರದ ಬಿರುಮಳೆಯು ಕೇಳಿದುದು ಈ ಕಡೆಯ ಪ್ರಶ್ನೆಯನ್ನೇ.

ಇಷ್ಟೆಲ್ಲ ಮಾಡಿದರೂ ಒಬ್ಬಿಬ್ಬರಿಗೆ ವಾಂತಿಭೇದಿ ಹಿಡಿಯಬಹುದು. ಆಗ ಸಾವು ಬರುವುದು ಮೈಯ ನೀರೂ ಉಪ್ಪೂ ಇಳಿದುಹೋಗುವುದರಿಂದ. 1971ರಲ್ಲಿ ಪೂರ್ವಬಂಗಾಳದಿಂದ ಓಡಿಬಂದ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಈ ಜಾಡ್ಯವು ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರವವು ಮುಗಿದುಹೋದಾಗ, ವೈದ್ಯ ದಿಲೀಪ್ ಮಹಲಾನಬೀಸರು ಗ್ಲೂಕೋಸು, ಉಪ್ಪು, ಅಡಿಗೆಯ ಸೋಡಗಳನ್ನು ನೀರಿನಲ್ಲಿ ಕಲಸಿ, ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಏರಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಈಗ ಆ ಮಿಶ್ರಣದ ಪೊಟ್ಟಣಗಳು ಪ್ರತಿಯೊಂದು ಔಷಧದಂಗಡಿಯಲ್ಲಿಯೂ ದೊರೆಯುತ್ತವೆ. ಪೊಟ್ಟಣವಿಲ್ಲದ ಹೊತ್ತಿನಲ್ಲಿ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಮನಾದ ಟೀಚಮಚ ಸಕ್ಕರೆಯನ್ನೂ ಅರ್ಧ ಟೀಚಮಚ ಉಪ್ಪನ್ನೂ ಕದಡಿ, ರೋಗಿಯನ್ನು ಆಸ್ಪತ್ರೆಗೆ ಸಾಗಿಸುವವರೆಗೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಉಪ್ಪು ಈ ಅಳತೆಯನ್ನು ಮೀರಬಾರದು. ದಾಸೋಹದ ಮನೆಯ ಬಾಗಿಲಿನ ಬಳಿ, ಕುದಿಸಿ ಆರಿಸಿದ ನೀರಿನ ಹಂಡೆಯೊಂದನ್ನು ಮುಚ್ಚಿಟ್ಟು, ಪಕ್ಕದಲ್ಲಿ ಲೀಟರಿನ ಅಳತೆಯ ಪಾತ್ರೆಯನ್ನೂ ಚಮಚವನ್ನೂ ಇರಿಸಿ, ಈ ಅಳತೆಯನ್ನು ದೊಡ್ಡ ಅಕ್ಷರಗಳಲ್ಲಿ ಗೋಡೆಯ ಮೇಲೆ ಬರೆಯಿಸಿರತಕ್ಕದ್ದು.